ಅತ್ತೆಯ ಹೊಟ್ಟೆಗೆ ಹೋದದ್ದು

ಮುಖ ಊದಿ, ಮೈತುಂಬ ದದ್ದೆದ್ದು, ಉಸಿರಿಗೆ ಒದ್ದಾಡುತ್ತಿದ್ದ ಅತ್ತೆಯನ್ನು ಆಸ್ಪತ್ರೆಯ ಮಂಚದ ಮೇಲೆ ಮಲಗಿಸಿದ್ದೇ ತಡ, ಸೊಸೆ ನೀಲವ್ವನ ಮೇಲೆ ನಾದಿನಿ ಎಗರಿದಳು.

"ವಿಷ ಹಾಕಿದೆಲ್ಲೇ ನಮ್ಮವ್ವಗ! ನಿನ್ನ ಜೈಲಿಗೆ ಕಳಿಸದ ಬಿಡೂದಿಲ್ಲ!"

"ವಿಷ ಅಲ್ಲರೀ, ಮೈಗೆ ಒಗ್ಗದ್ದೇನೋ ಹೊಟ್ಟಿಗೆ ಹೋಗೇತಿ," ಎಂದು ಡಾಕ್ಟರು ಮುದುಕಿಯ ತೊಡೆಗೆ ಇಂಜೆಕ್ಷನ್ ಚುಚ್ಚಿದರು. "ಏನು ತಿಂದಿದ್ರು?"

"ಇಕಿ ಮಾಡಿದ್ದು! ಬೇಕಂತನ ಒಗ್ಗದ್ದು ಹಾಕ್ಯಾಳ!"

ಮಧ್ಯಾಹ್ನ ತಾನೇ ಕೊಟ್ಟ ರೊಟ್ಟಿ, ಪಲ್ಯ ನೆನಪಾಗಿ ನೀಲವ್ವ ಬಾಗಿಲ ಕಡೆ ಸರಿದಳು. ಬೇರೆ ಕುಲದವಳೆಂದು ಮೊದಲಿನಿಂದ ಹಳಿಯುವ ಅತ್ತೆ ಬಾಯಿ ಬಿಟ್ಟರೆ ತನ್ನ ಕಥೆ ಮುಗಿದಂತೆಯೇ.

ಸ್ವಲ್ಪ ಹೊತ್ತಿಗೆ ಮುದುಕಿಯ ಉಸಿರು ಸರಾಗವಾಯಿತು.

"ಹೇಳಬೇ ಯವ್ವಾ, ಇಕಿ ಏನು ತಿನಿಸಿದ್ಲು?" ಎಂದು ಮಗಳು ಬಗ್ಗಿದಳು.

ಮುದುಕಿ ಸೊಸೆಯತ್ತ ಮುಖ ಸಿಂಡರಿಸಿದಳು.

"ಥೂ! ಇಕಿ ಅಡಿಗಿನ ದಿನಾ ಎಮ್ಮಿಗೆ ಸುರುವಿ, ಮಗ್ಗಲಮನ್ಯಾಗ ಉಂಡು ಬರ್ತೀನಿ. ಇವತ್ತು ಅಲ್ಲಿಗೂ ಹೋಗಿಲ್ಲ, ನೀ ತಂದ ಮಂಡಿನೋವಿನ ಗುಳಿಗಿ ಅಷ್ಟ ನುಂಗೀನಿ."