ದರ್ಜಿಯ ಅಳತೆ

ಬಾಗಿಲು ತೆರೆದು ಒಳಬಂದ ಡಾಕ್ಟರನ್ನು ಕಂಡದ್ದೇ ತಡ, ದರ್ಜಿ ಸೊಂಟದ ಮೇಲಿದ್ದ ಹೊದಿಕೆಯನ್ನು ಮುಖಕ್ಕೆ ಎಳೆದುಕೊಂಡ. ಕೆಳಗೆಲ್ಲ ಬಯಲಾಯಿತೆಂದು ಹೊಳೆದದ್ದೇ ಗಡಬಡಿಸಿ ಮತ್ತೆ ಕೆಳಕ್ಕೆ ಎಳೆದ. ಹಾಸಿಗೆಯಲ್ಲಿ ಕೈಕೊಡುತ್ತಿದ್ದ ಗಂಡಸುತನದ ಪರೀಕ್ಷೆಗೆಂದು, ಗುರುತಿನವರು ಯಾರೂ ಕಾಣಬಾರದೆಂದು, ಬಸ್ಸು ಬದಲಾಯಿಸಿ ಊರಿನ ಆ ಕೊನೆಯ ಸ್ಕ್ಯಾನಿಂಗ್ ಸೆಂಟರಿಗೆ ಬಂದಿದ್ದ. ನೋಡಿದರೆ ಎದುರಿಗೆ ನಿಂತವರು ಅವನ ಅಂಗಡಿಯ ಕಾಯಂ ಗಿರಾಕಿ! ಅವರು ತೊಟ್ಟಿದ್ದ ಪ್ಯಾಂಟೂ ಅವನೇ ಹೊಲಿದದ್ದು.

“ಓಹೋ, ನೀವಾ!” ಎಂದರು ಡಾಕ್ಟರ್. “ಇಷ್ಟು ವರ್ಷ ನನ್ನ ಅಳತೆ ತಗೊಂಡಿದೀರಿ. ನಾನು ಯಾವತ್ತಾದ್ರೂ ನಾಚ್ಕೊಂಡಿದೀನಾ? ಇವತ್ತು ಸರದಿ ನಂದು.”

“ಸಾರ್, ಇದು... ಅಂಗಡಿ ಕಡೆ ಯಾರಿಗೂ...”

“ನನ್ನ ಹೊಟ್ಟೆ ಎಷ್ಟು ಇಂಚು ಬೆಳೆದಿದೆ ಅಂತ ನೀವು ಯಾರಿಗಾದ್ರೂ ಹೇಳಿದೀರಾ? ಇಲ್ವಲ್ಲ. ಇದೂ ಹಾಗೇ.”

ದರ್ಜಿಗೆ ನಗು ಬಂತು. ಆ ನಗು ಮುಗಿಯುವಷ್ಟರಲ್ಲಿ ಅಂಗದ ಪಕ್ಕಕ್ಕೆ ಸೂಜಿ ಚುಚ್ಚಿ ಆಗಿತ್ತು. ನೆನೆನೆನೆದು ಅವನು ನಿದ್ದೆಗೆಟ್ಟಿದ್ದ ಆ ಸೂಜಿ ಇರುವೆ ಕಚ್ಚಿದಷ್ಟೂ ನೋಯಲಿಲ್ಲ. “ರಕ್ತನಾಳ ಹಿಗ್ಗೋಕೆ ಔಷಧಿ ಇದು. ಆರಾಮಾಗಿ ಮಲಗಿರಿ,” ಎಂದು ಡಾಕ್ಟರ್ ತಣ್ಣನೆಯ ಜೆಲ್ ಸವರಿ ಸ್ಕ್ಯಾನಿಂಗ್ ಯಂತ್ರದ ಹಿಡಿಯನ್ನು ಮೆಲ್ಲಗೆ ಆನಿಸಿದರು. ಪರದೆಯ ಮೇಲೆ ಕೆಂಪು, ನೀಲಿ ಮಿನುಗಿದವು. ರಕ್ತ ಓಡುವ ಸದ್ದು ಹುಸ್ಸು ಹುಸ್ಸೆಂದು ಕೇಳಿತು. ಎಷ್ಟೋ ತಿಂಗಳಿಂದ ಮುನಿಸಿಕೊಂಡಂತಿದ್ದ ಅಂಗ ನಿಧಾನವಾಗಿ ತಲೆಯೆತ್ತಿತು. ಊರು ಬಿಟ್ಟುಹೋಗಿದ್ದ ನೆಂಟ ಎದುರಿಗೆ ಬಂದು ನಿಂತಂತೆ ದರ್ಜಿ ಕಣ್ಣರಳಿಸಿದ.

“ಒಂದು ಕಡೆ ರಕ್ತದ ಓಟ ಸ್ವಲ್ಪ ನಿಧಾನ. ಸಿಗರೇಟಿನ ಕೆಲಸ ಇದು,” ಎಂದರು ಡಾಕ್ಟರ್. “ಮೊದಲು ಅದನ್ನ ಬಿಡಿ, ಹೃದಯವನ್ನೂ ಒಂದ್ಸಲ ತೋರಿಸಿ. ಆಮೇಲೆ ಮಾತ್ರೆ ಶುರುಮಾಡೋಣ, ಸರಿಹೋಗುತ್ತೆ. ಈಗ ಇದು ಇಳಿಯೋವರೆಗೂ ಇಲ್ಲೇ ಇರಿ.”

ಇಳಿದ ಮೇಲೆ ಹೊರಗೆ ಬಂದ. ಬೆಂಚಿನ ಮೇಲೆ ಕಾದಿದ್ದ ಹೆಂಡತಿ ದಡಕ್ಕನೆ ಎದ್ದಳು. ಅವಳಿಗೆ ಅವನು ಹೇಳಿದ್ದು ಕಿಡ್ನಿಯ ಕಲ್ಲಿನ ಕಥೆ.

“ಕಲ್ಲು ಎಷ್ಟು ದೊಡ್ಡದಂತ್ರೀ?”

ಗಿರಾಕಿಯ ಮುಂದೆಯೇ ಎಲ್ಲ ಬಿಚ್ಚಿಟ್ಟಾಗಿತ್ತು. ಇನ್ನು ಇವಳ ಹತ್ತಿರ ಮುಚ್ಚುಮರೆ ಯಾಕೆ ಅನ್ನಿಸಿತು ಅವನಿಗೆ. ಪಕ್ಕದಲ್ಲಿ ಕೂತು, “ಕಲ್ಲೂ ಇಲ್ಲ, ಮಣ್ಣೂ ಇಲ್ಲ ಕಣೇ,” ಎಂದು ಶುರುಮಾಡಿ, ಅರ್ಜೆಂಟು ಹೊಲಿಗೆಯ ನೆಪ ಹೇಳಿ ಅಂಗಡಿಯಲ್ಲೇ ಮಲಗುತ್ತಿದ್ದುದರಿಂದ ಹಿಡಿದು ಸಿಗರೇಟಿನವರೆಗೂ ಒಂದೇ ಉಸಿರಿಗೆ ಹೇಳಿ ಮುಗಿಸಿದ. ತಲೆ ಮಾತ್ರ ಎತ್ತಲಿಲ್ಲ.

ಕಾಯುತ್ತಿದ್ದವರೆಲ್ಲ ತಿರುಗಿ ನೋಡುವ ಹಾಗೆ ಅವಳು ನಕ್ಕಳು. ನಗುನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಸದ್ಯ, ಕಾಯಿಲೆ ತಾನೇ! ನಾನೇ ನಿಮಗೆ ಬೇಡವಾಗಿಬಿಟ್ಟೆ ಅಂದ್ಕೊಂಡಿದ್ದೆ ಕಣ್ರೀ.”