ಒಂದು ಕೈ, ಮೇಲೆ ಎರಡು ಗೆಣ್ಣು

ಟೆಲಿಗ್ರಾಂ ಫಾರಂನಲ್ಲಿ ಎಲ್ಲವನ್ನೂ ಬರೆದಾಗಿತ್ತು. ಎಲ್ಲಿಗೆ ಎಂಬ ಜಾಗ ಮಾತ್ರ ಖಾಲಿ ಉಳಿದಿತ್ತು. ಗುಬ್ಬಿ ಪೋಸ್ಟಾಫೀಸಿನ ಗಡಿಯಾರ ಮೂರೂಕಾಲು ತೋರಿಸುತ್ತಿತ್ತು. ನಾಲ್ಕರ ಮೇಲೆ ತಂತಿ ತೆಗೆದುಕೊಳ್ಳುವುದಿಲ್ಲ, ನಾಳೆಗೆ ಗಡುವು ಮುಗಿಯುತ್ತದೆ. ಹೆಬ್ಬಾಳದಲ್ಲಿ ಕೃಷಿ ಬಿ.ಎಸ್ಸಿ. ಮುಗಿಸಿದ ಗಂಗಾಂಬಿಕೆಗೆ ಕೆನಡಾದ ಮೂರು ಪ್ರಾಂತ್ಯಗಳ ಯೂನಿವರ್ಸಿಟಿಗಳಿಂದ ಸೀಟು ಬಂದಿತ್ತು, ಸ್ಕಾಲರ್‌ಶಿಪ್ಪಿನ ಸಮೇತ. ಮೂರರಲ್ಲಿ ಒಂದಕ್ಕೆ 'ಬರುತ್ತೇನೆ' ಎನ್ನಬೇಕು.

"ಆಂಟೇರಿಯೊ ಅಂತ ಬರಿ," ಎಂದರು ಸೋದರಮಾವ ಚನ್ನವೀರಯ್ಯ. ಹೈಸ್ಕೂಲು ಹೆಡ್ಮಾಸ್ಟರಾಗಿ ರಿಟೈರಾಗಿ ತುಮಕೂರಿನಲ್ಲಿ ಮನೆ ಕಟ್ಟಿಕೊಂಡವರು. ರಿಟೈರಾದ ಸುದ್ದಿ ಅವರ ದನಿಗೆ ಇನ್ನೂ ತಲುಪಿರಲಿಲ್ಲ. "ಟೊರಾಂಟೋದಲ್ಲಿ ನನ್ನ ಷಡ್ಡಕನ ಮಗ ಇದಾನೆ. ಬಂದು ಹೋಗಿ ನೋಡ್ಕೋತಾನೆ."

"ಮಾವ, ನಾನು ಓದ್ಬೇಕಾಗಿರೋದು ಒಣಬೇಸಾಯ. ಅದಕ್ಕೆ ಸಸ್ಕ್ಯಾಚುವಾನೇ ಸರಿ."

"ಆ ಹೆಸರಿಗೆ ನಾಲಿಗೇನೇ ತಿರುಗಲ್ಲ! ನಮ್ಮೋರು ಅನ್ನೋರು ಒಬ್ರೂ ಇಲ್ಲ ಅಲ್ಲಿ. ಆಂಟೇರಿಯೊ ಆದ್ರೆ ಹೋಗು, ಇಲ್ದಿದ್ರೆ ಕೆನಡಾನೇ ಬೇಡ."

ಮಾವ ಬೇಡವೆಂದರೆ ಬೇಡವೇ. "ಓದಿದೋರು ನೀವು, ನೀವೇ ನೋಡಿ" ಎಂದು ಅಪ್ಪ ಬೆಳಗ್ಗೆಯೇ ಭಾರವನ್ನು ಅವರ ಹೆಗಲಿಗೆ ದಾಟಿಸಿ, ತಮ್ಮೂರು ಚೇಳೂರಿನಲ್ಲೇ ಉಳಿದು ಹೊಲಕ್ಕೆ ಹೋಗಿದ್ದರು. ತರಗತಿಗೇ ಮೊದಲು ಬಂದವಳು, ಮಣ್ಣಿನ ಮೇಲೆ ಗಂಟೆಗಟ್ಟಲೆ ಮಾತಾಡಬಲ್ಲವಳು, ಮಾವನ ಎದುರು ಮಾತ್ರ ಗಂಗಾಂಬಿಕೆಗೆ ಎರಡನೇ ವಾಕ್ಯ ಹೊರಡಲಿಲ್ಲ. ಅಳು ಬಂತು. ಪೆನ್ನಿನ ಮುಚ್ಚಳ ತಿರುಗಿಸುತ್ತ ತಡೆದುಕೊಂಡಳು.

ಅಷ್ಟು ಹೊತ್ತು ಬೆಂಚಿನ ಮೇಲೆ ಚೀಲ ಹಿಡಿದು ಕೂತಿದ್ದ ತಾಯಿ ಶಿವರುದ್ರಮ್ಮ ಆಗ ಬಾಯಿಬಿಟ್ಟಳು. "ಗಂಗಾ, ಆ ಕಡೆ ಮಳೆ ಎಂಗೆ?"

"ರುದ್ರೀ, ಇಲ್ಲೇನು ರಾಗಿ ಬಿತ್ತಕ್ಕೆ ಬಂದಿದೀವಾ?" ಎಂದು ಅಣ್ಣ ರೇಗಿದರು.

ಆದರೆ ಗಂಗಾಂಬಿಕೆಗೆ ಆ ಪ್ರಶ್ನೆ ಎಲ್ಲಿಂದ ಬಂತೆಂದು ಗೊತ್ತಿತ್ತು. ಚೇಳೂರಿನ ಮನೆಯ ಅಂಗಳದಲ್ಲಿ ಒಂದು ಕಲ್ಲುಬಾನಿ ಇದೆ. ಮಳೆ ನಿಂತ ಕೂಡಲೇ ಅವ್ವ ಅದರಲ್ಲಿ ಬೆರಳು ನಿಲ್ಲಿಸಿ ನೀರು ಎಷ್ಟು ಗೆಣ್ಣು ಮುಳುಗಿಸಿತೆಂದು ನೋಡಿ, ನೀರನ್ನು ಎಮ್ಮೆಗೆ ಕುಡಿಸಿ ಬಾನಿ ಬರಿದು ಮಾಡುತ್ತಾಳೆ. ಹೆಬ್ಬೆರಳಿಂದ ಎಣಿಸಿದರೆ ನಾಲ್ಕು ಬೆರಳಿಗೆ ಹನ್ನೆರಡು ಗೆಣ್ಣು. ವರ್ಷದ ಮಳೆಗಳನ್ನು ಕೂಡಿಸುತ್ತ ಹೋಗಿ, ಹನ್ನೆರಡಾದಾಗಲೆಲ್ಲ 'ಒಂದು ಕೈ' ಎಂದು ಗೋಡೆಗೆ ಸುಣ್ಣದ ಬೊಟ್ಟು. ಕಾಲೇಜಿನಿಂದ ಮಳೆಮಾಪಕ ತಂದು ಮಗಳು ಪಕ್ಕದಲ್ಲೇ ಇಟ್ಟು ಪರೀಕ್ಷಿಸಿದ್ದಳು. ಅವ್ವನ ಒಂದು ಗೆಣ್ಣು ಹೆಚ್ಚುಕಮ್ಮಿ ಒಂದು ಇಂಚು! ಅವತ್ತು ಅವಳಿಗೆ ಅವ್ವನ ಮೇಲೆ ಹುಟ್ಟಿದ ಗೌರವ ಪ್ರೊಫೆಸರುಗಳ ಮೇಲೂ ಹುಟ್ಟಿರಲಿಲ್ಲ.

"ಬ್ರಿಟಿಷ್ ಕೊಲಂಬಿಯಾದಲ್ಲಿ, ನನಗೆ ಸೀಟು ಸಿಕ್ಕಿರೋ ಕಡೆ, ವರ್ಷಕ್ಕೆ ನಲವತ್ತೆಂಟು ಇಂಚು ಅಂತ ಇಟ್ಕೋ."

ಅವ್ವನ ಹೆಬ್ಬೆರಳು ಗೆಣ್ಣುಗಳ ಮೇಲೆ ಸರಸರನೆ ಓಡಿತು. "ನಾಲ್ಕು ಕೈ! ರಾಗಿ ಕೊಳ್ತೇ ಹೋಗುತ್ತೆ. ನಿಮ್ಮಾವ ಹೇಳೋ ಕಡೆ?"

"ಮೂವತ್ತೈದು."

"ಮೂರು ಕೈಗೆ ಒಂದೇ ಗೆಣ್ಣು ಕಮ್ಮಿ. ನೀನು ಹೇಳೋ ಕಡೆ?"

"ಮಂಜು ಕರಗಿದ್ದೂ ಸೇರಿ ಹದಿನಾಲ್ಕು ಕಣವ್ವ."

ಹೆಬ್ಬೆರಳು ಒಂದು ಸುತ್ತು ಮುಗಿಸಿ, ಕಿರುಬೆರಳಿನ ಎರಡನೇ ಗೆಣ್ಣಿನ ಮೇಲೆ ನಿಂತುಬಿಟ್ಟಿತು. ಶಿವರುದ್ರಮ್ಮ ಅದನ್ನೇ ನೋಡಿದಳು. "ಒಂದು ಕೈ, ಮೇಲೆ ಎರಡು ಗೆಣ್ಣು. ಅಷ್ಟೇಯ? ನಮಗೇ ಎರಡು ಕೈ ಬೀಳುತ್ತಲ್ಲೇ! ಅಷ್ಟ್ರಲ್ಲಿ ಏನು ಬೆಳೀತಾರೆ?"

"ಗೋಧಿ. ತಾವು ತಿಂದು ಮಿಕ್ಕಿದ್ದನ್ನ ದೇಶದೇಶಕ್ಕೆ ಕಳಿಸ್ತಾರೆ."

ಶಿವರುದ್ರಮ್ಮ ಎದ್ದು ನಿಂತಳು. ಅಣ್ಣನ ಮುಂದೆ ಅವಳು ಹೀಗೆ ನೇರ ನಿಂತದ್ದನ್ನು ಗಂಗಾಂಬಿಕೆ ಹುಟ್ಟಿದಾಗಿನಿಂದ ನೋಡಿರಲಿಲ್ಲ.

"ಅಣ್ಣ, ಮೂರು ಕೈ ಮಳೇಲಿ ಯಾರು ಬೇಕಾದ್ರೂ ಬೆಳೀತಾರೆ. ಅದನ್ನ ಕಲಿಯಕ್ಕೆ ಸಮುದ್ರ ದಾಟ್ಬೇಕಾ? ಅರ್ಧ ಮಳೇಲಿ ಕಣ ತುಂಬಿಸ್ತಾರಲ್ಲ, ಅವ್ರ ತಾವ ಕಲೀಲಿ. ಬರಿಯೇ ಗಂಗಾ."

"ನಮ್ಮೋರಿಲ್ಲದ ಊರು, ರುದ್ರೀ..."

"ಮೂರೂ ಮುಕ್ಕಾಲು ಆಯ್ತು, ಸಾರ್," ಎಂದ ಕೌಂಟರಿನ ಗುಮಾಸ್ತ. ಅವನು ಆಗಲೇ ಯಾರ ಕಡೆ ಎಂದು ಮುಖವೇ ಹೇಳುತ್ತಿತ್ತು.

ಹೆಡ್ಮಾಸ್ಟರು ಒಮ್ಮೆ ತಂಗಿಯನ್ನು, ಒಮ್ಮೆ ಗಡಿಯಾರವನ್ನು ನೋಡಿದರು. ಆಮೇಲೆ ಫಾರಂ ಅನ್ನು ಸೊಸೆಯ ಕಡೆ ಸರಿಸಿದರು. ಗಂಗಾಂಬಿಕೆ ದಪ್ಪ ಅಕ್ಷರಗಳಲ್ಲಿ ಸಸ್ಕ್ಯಾಚುವಾನ್ ಎಂದು ಬರೆದಳು. ಗುಮಾಸ್ತ ಮೊಹರು ಕುಟ್ಟಿದ ಸದ್ದು ಅವಳ ಎದೆಯಲ್ಲೇ ಕೇಳಿಸಿತು. ಗೆದ್ದೆ ಎನ್ನಿಸಿತು, ಮರುಕ್ಷಣ, ಗೆದ್ದವಳು ಅವ್ವ ಎನ್ನಿಸಿ ಇನ್ನೂ ಸಂತೋಷವಾಯಿತು.

ಚೇಳೂರಿನ ಬಸ್ಸಿನಲ್ಲಿ ಚನ್ನವೀರಯ್ಯನವರೂ ಜೊತೆಗೆ ಬಂದರು. ಭಾವನಿಗೆ ವಿಷಯ ತಾವೇ ಹೇಳಬೇಕಲ್ಲ. ಕಿಟಕಿ ಪಕ್ಕ ಕೂತು, ತಂಗಿಗೆ ಕಾಣದ ಹಾಗೆ, ಹೆಬ್ಬೆರಳಿಂದ ತಮ್ಮ ಗೆಣ್ಣುಗಳನ್ನು ಎಣಿಸಿ ನೋಡಿಕೊಳ್ಳುತ್ತಿದ್ದರು. ಊರಿನವನೇ ಆದ ಕಂಡಕ್ಟರ್ ಓಬಳಯ್ಯ ಟಿಕೆಟ್ ಹರಿಯುತ್ತ ಕೇಳಿದ: "ಏನವ್ವಾ, ಮಗಳು ಫಾರಿನ್‌ಗೆ ಹೊಂಟವ್ಳಂತೆ? ಅಷ್ಟು ದೂರದಲ್ಲಿ ನಮ್ಮೋರು ಅನ್ನೋರು ಯಾರಾನಾ ಅವ್ರಾ?"

ಚನ್ನವೀರಯ್ಯನವರು ತಟ್ಟನೆ ತಲೆಯೆತ್ತಿ ತಂಗಿಯ ಮುಖ ನೋಡಿದರು.

"ಅವ್ರೆ ಕಣಪ್ಪ," ಎಂದಳು ಶಿವರುದ್ರಮ್ಮ. "ಹದಿನಾಲ್ಕು ಗೆಣ್ಣು ಮಳೇಲಿ ಬೆಳ್ಕೊಂಡು ಉಣ್ಣೋರು ನಮ್ಮೋರಲ್ದೆ ಇನ್ಯಾರು?"