ಕಾಲಿಗೆ ಬಂದ ನಿದ್ದೆ

ಲೋಕದಲ್ಲಿ ಯಾರಿಗೂ ನಿದ್ದೆ ಬಾರದಂತಾಗಿ ಹನ್ನೊಂದು ವರ್ಷವಾಗಿತ್ತು. ಪ್ರಜ್ಞೆ ತಪ್ಪಿಸುವ ಮದ್ದೂ ಈಗ ಯಾರಿಗೂ ನಾಟುತ್ತಿರಲಿಲ್ಲ. ಹಾಗಾಗಿ ಗದಗಿನ ಆಸ್ಪತ್ರೆಯೊಂದರಲ್ಲಿ ಅರಿವಳಿಕೆಯ ಡಾಕ್ಟರ್ ಮಹಾನಂದಾ ನರಕ್ಕೆ ಸೂಜಿ ಚುಚ್ಚಿ, ಕೊಯ್ಯಬೇಕಾದ ಅಂಗವನ್ನಷ್ಟೇ ಮರಗಟ್ಟಿಸುತ್ತಿದ್ದರು. ಬೆಳಿಗ್ಗೆಯಿಂದ ಇದು ನಾಲ್ಕನೆಯ ಕಾಲು. ಅವರ ಕಣ್ಣು ಉರಿಯುತ್ತಿದ್ದವು.

ಬಸ್ ಕಂಡಕ್ಟರ್ ಫಕೀರಪ್ಪನ ಕಾಲಿನ ಹೆಬ್ಬೆರಳು ಸಕ್ಕರೆ ಕಾಯಿಲೆಯಿಂದ ಕೊಳೆತಿತ್ತು, ತೆಗೆಯದೆ ವಿಧಿಯಿರಲಿಲ್ಲ. ಮಹಾನಂದಾ ಮೊಣಕಾಲಿನ ಹಿಂದೆ ಮದ್ದು ಚುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಪಾದ ಚಿವುಟಿದರು.

"ಗೊತ್ತಾಗತೈತೇನ್ರಿ?"

"ಇಲ್ರೀ ಮೇಡಂ, ಮಕ್ಕೊಂಡೈತಿ." ಫಕೀರಪ್ಪನ ಕಣ್ಣು ತುಂಬಿದವು. "ಮೈಯಾಗ ಇದೊಂದಕ್ಕಾದ್ರೂ ನಿದ್ದಿ ಬಂತಲ್ರಿ!"

ಬೆರಳು ತೆಗೆದು ಪಟ್ಟಿ ಕಟ್ಟಿದ್ದಾಯಿತು. ಸರ್ಜನ್ ಹೊರಟುಹೋದರು.

"ಯಾವಾಗ ಎಚ್ಚರಾಕ್ಕೈತ್ರಿ?"

"ಸಂಜಿಗೆ. ಆಮ್ಯಾಲೆ ನೋವು ಸುರು ಆಕ್ಕೈತಿ."

"ಅಲ್ಲೀತನಕ ಎಬ್ಬಿಸಬ್ಯಾಡ್ರಿ."

ಮಹಾನಂದಾ ಆ ಪಾದಕ್ಕೆ ಹೊದಿಕೆ ಎಳೆದು, ಸ್ಟೂಲಿನ ಮೇಲೆ ಕುಸಿದು ಕುಳಿತರು. ನಿದ್ದೆ ಹೋದದ್ದೊಂದನ್ನು ನೋಡುತ್ತ ಕೂತು ಎಷ್ಟು ಕಾಲವಾಗಿತ್ತು! ಮುಂದಿನ ರೋಗಿ ಕಾಯುತ್ತಿದ್ದಾರೆಂದು ನರ್ಸ್ ಧಡಕ್ಕನೆ ಬಾಗಿಲು ತಳ್ಳಿ ಬಂದಳು. ಮಹಾನಂದಾ ತುಟಿಯ ಮೇಲೆ ಬೆರಳಿಟ್ಟರು.

"ಮೆಲ್ಲಕ ಬಾರವ್ವಾ."